ರೋಮ್ ಕೊಟ್ಟ ಕಪ್ಪದಲ್ಲಿ ನಮ್ಮ ಕರಾವಳಿಯ ಒಳ್ಳೆಮೆಣಸು

ಪ್ರಾಚೀನ ರೋಮಿನ ಪಾಠ ಬಂದಾಗ "ಬರ್ಬರರ ದಾಳಿಯಿಂದ ಸಾಮ್ರಾಜ್ಯ ಪತನವಾಯಿತು" ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದು ನಮ್ಮ ಅಧ್ಯಾಪಕರ ರೂಢಿ. ಮಕ್ಕಳೂ ಅದನ್ನೇ ಬರೆದು ಅಂಕ ಪಡೆಯುತ್ತಾರೆ. ಆದರೆ ಈ 'ಬರ್ಬರರು' ಯಾರು? ಅವರು ಯಾಕೆ ಬಂದರು? ಅದಕ್ಕೂ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಿಗೂ ಏನಾದರೂ ನಂಟು ಉಂಟೇ? ಉಂಟು. ಹಾಗಾಗಿ ಈ ಬರಹ.

ಗಡಿಯಲ್ಲಿ ನಿಂತವರು

ಕ್ರಿ.ಶ. 376ರಲ್ಲಿ ಡ್ಯಾನ್ಯೂಬ್ ನದಿಯ ಉತ್ತರ ದಡದಲ್ಲಿ ಸಾವಿರಾರು ಗಾಥರು ಬಂದು ನಿಂತರು. ಹೂಣರ ಹೊಡೆತ ತಾಳಲಾರದೆ ಹೆಂಡತಿ ಮಕ್ಕಳೊಂದಿಗೆ ಓಡಿ ಬಂದವರು ಅವರು. ರೋಮನ್ ಚಕ್ರವರ್ತಿ ವ್ಯಾಲೆನ್ಸ್ ಅವರಿಗೆ ನದಿ ದಾಟಲು ಅನುಮತಿ ಕೊಟ್ಟ. ಸೈನ್ಯಕ್ಕೆ ಜನ ಸಿಕ್ಕಿದರು ಎಂಬುದು ಅವನ ಲೆಕ್ಕಾಚಾರ. ಆದರೆ ಗಡಿಯ ಅಧಿಕಾರಿಗಳು ಹಸಿದವರಿಂದಲೂ ಲಾಭ ಹೊಡೆದರು. ಒಂದು ನಾಯಿಯ ಮಾಂಸಕ್ಕೆ ಒಬ್ಬ ಮನುಷ್ಯನನ್ನು ಗುಲಾಮನನ್ನಾಗಿ ಪಡೆದರೆಂದು ಅದೇ ಕಾಲದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಬರೆದಿಟ್ಟಿದ್ದಾನೆ. ಗಾಥರು ದಂಗೆಯೆದ್ದರು. 378ರ ಆಗಸ್ಟ್ 9ರಂದು ಏಡ್ರಿಯಾನೋಪಲ್ ಕದನದಲ್ಲಿ ಚಕ್ರವರ್ತಿಯೇ ಸತ್ತ.

382ರಲ್ಲಿ ಒಪ್ಪಂದವಾಯಿತು. ಗಾಥರಿಗೆ ಭೂಮಿ, ಅದಕ್ಕೆ ಪ್ರತಿಯಾಗಿ ಅವರಿಂದ ಯುದ್ಧಸೇವೆ. ಅವರು ರೋಮಿಗಾಗಿ ಹೋರಾಡಿ ಸತ್ತರು, ಆದರೆ ಮರ್ಯಾದೆ ಸಿಗಲಿಲ್ಲ. 395ರ ಹೊತ್ತಿಗೆ ಅವರಿಗೆ ಅಲರಿಕ್ ಎಂಬ ನಾಯಕ ದೊರೆತ. ಈ ಜನರೇ ಮುಂದೆ ವಿಸಿಗಾಥರೆಂದು ಹೆಸರಾದರು.

ಹಲಗೆಯ ಮೇಲೊಂದು ಪಟ್ಟಿ

408ರಲ್ಲಿ ರೋಮ್ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಿತು. ಸಮರ್ಥ ಸೇನಾನಿ ಸ್ಟಿಲಿಕೋನನ್ನು ಕೊಲ್ಲಿಸಿತು. ಸೈನ್ಯದಲ್ಲಿದ್ದ ಹೊರಗಿನವರ ಹೆಂಡತಿ ಮಕ್ಕಳ ಕೊಲೆಯೂ ನಡೆಯಿತು. ಆ ಸೈನಿಕರೆಲ್ಲ ಅಲರಿಕನ ಕಡೆ ಸೇರಿದರು. ಅಲರಿಕ್ ರೋಮ್ ನಗರವನ್ನು ಮುತ್ತಿದ. ಮುತ್ತಿಗೆ ತೆಗೆಯಲು ಆತ ಪಡೆದ ಕಪ್ಪದ ಪಟ್ಟಿಯನ್ನು ನಾವು ತರಗತಿಯಲ್ಲಿ ಹಲಗೆಯ ಮೇಲೆ ಬರೆಯುವುದುಂಟು:

ಚಿನ್ನ 5,000 ಪೌಂಡು
ಬೆಳ್ಳಿ 30,000 ಪೌಂಡು
ರೇಷ್ಮೆ ಅಂಗಿ 4,000
ಕೆಂಪು ಬಣ್ಣದ ಚರ್ಮ 3,000
ಕಾಳುಮೆಣಸು 3,000 ಪೌಂಡು

ಕೊನೆಯ ಸಾಲು ಬರೆದಾಗ ಮಕ್ಕಳು ನಗುತ್ತಾರೆ. ಚಿನ್ನದ ಜೊತೆಗೆ ಮೆಣಸೇ? ಒಂದು ರೋಮನ್ ಪೌಂಡು ಸುಮಾರು 327 ಗ್ರಾಂ. ಅಂದರೆ ಮೆಣಸು ಹತ್ತು ಕ್ವಿಂಟಾಲಿಗೆ ಸ್ವಲ್ಪ ಕಡಿಮೆ. ನಾವು ಒಳ್ಳೆಮೆಣಸು ಎನ್ನುವ, ತುಳುವಿನಲ್ಲಿ ಎಡ್ಡೆ ಮುಂಚಿ, ಮಲಯಾಳದಲ್ಲಿ ಕುರುಮುಳಕು ಎನ್ನುವ ಅದೇ ಕಾಳು. ಆಗ ಅದರ ತವರು ನಮ್ಮ ಈ ಪಶ್ಚಿಮ ಕರಾವಳಿ. ನಮ್ಮ ದಕ್ಷಿಣಕ್ಕಿರುವ ಮುಜಿರಿಸ್ ಬಂದರಿನಿಂದ ಮಳೆಗಾಳಿಯ ಲೆಕ್ಕ ಹಿಡಿದು ಹಡಗುಗಳು ಕೆಂಪು ಸಮುದ್ರಕ್ಕೆ ಸಾಗುತ್ತಿದ್ದವು. ಈಜಿಪ್ಟಿನ ಬೆರೆನಿಕೆ ಬಂದರಿನ ಅಗೆತದಲ್ಲಿ ಭಾರತದ ಭರಣಿಯೊಂದರಲ್ಲಿ ಏಳೂವರೆ ಕಿಲೋ ಕಾಳುಮೆಣಸು ಸಿಕ್ಕಿದೆ. ರೋಮಿನಲ್ಲಿ ಮೆಣಸಿಗೆಂದೇ ಉಗ್ರಾಣವಿತ್ತು.

ಕಪ್ಪ ತೆರಲು ರೋಮನ್ನರು ದೇವರ ವಿಗ್ರಹಗಳನ್ನು ಕರಗಿಸಿದರು. ಕರಗಿದವುಗಳಲ್ಲಿ 'ಶೌರ್ಯ'ದ ವಿಗ್ರಹವೂ ಒಂದಂತೆ. ಅಲರಿಕ್ ಬೇಡಿದ್ದು ತನ್ನ ಜನಕ್ಕೆ ನೆಲ ಮತ್ತು ತನಗೊಂದು ಪದವಿ. ಅದು ಸಿಗದಾಗ 410ರ ಆಗಸ್ಟ್ 24ರಂದು ನಗರದೊಳಗೆ ನುಗ್ಗಿ ಮೂರು ದಿನ ಲೂಟಿ ಮಾಡಿದ. ಎಂಟುನೂರು ವರ್ಷಗಳಲ್ಲಿ ಹೊರಗಿನ ಶತ್ರು ರೋಮನ್ನು ಹಿಡಿದದ್ದು ಅದೇ ಮೊದಲು.

ಒಳಗಿನವರೇ ವಾರಸುದಾರರು

ವಿಸಿಗಾಥರು ರೋಮನ್ನು ಕೆಡವಿ ಹೋದವರಷ್ಟೇ ಅಲ್ಲ. 418ರಲ್ಲಿ ಅವರು ಈಗಿನ ಫ್ರಾನ್ಸಿನ ನೈಋತ್ಯ ಭಾಗದಲ್ಲಿ ನೆಲೆಸಿದರು. 451ರಲ್ಲಿ ಅಟ್ಟಿಲನ ವಿರುದ್ಧ ರೋಮಿನ ಪರವಾಗಿಯೇ ಕಾದಿದರು. 476ರಲ್ಲಿ ಪಶ್ಚಿಮದ ಸಾಮ್ರಾಜ್ಯ ಮುಗಿದ ಮೇಲೂ ರೋಮನ್ ಕಾನೂನನ್ನು ಉಳಿಸಿಕೊಂಡರು. 506ರಲ್ಲಿ ಅವರ ಅರಸ ಎರಡನೇ ಅಲರಿಕ್ ಅದನ್ನು ಸಂಗ್ರಹಿಸಿ ಹೊರಡಿಸಿದ. ಮುಂದೆ ಸ್ಪೇನಿನಲ್ಲಿ 711ರವರೆಗೂ ಅವರ ರಾಜ್ಯ ನಡೆಯಿತು.

ನಮ್ಮ ಊರಿಗೆ ಬನ್ನಿ. ಕೆಳದಿ ನಾಯಕರು ವಿಜಯನಗರದ ಸಾಮಂತರು. 1565ರ ತಾಳಿಕೋಟೆ ಯುದ್ಧದ ನಂತರ ಅವರು ಕ್ರಮೇಣ ಸ್ವತಂತ್ರರಾದರು, ಕರಾವಳಿಗೂ ಇಳಿದರು. ಬೇಕಲ ಕೋಟೆಯನ್ನು 1650ರ ಸುಮಾರಿಗೆ ಕಟ್ಟಿಸಿದವನು ಶಿವಪ್ಪ ನಾಯಕ. ಅವರಿಗೂ ಮೆಣಸೇ ದೊಡ್ಡ ವ್ಯಾಪಾರ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಂದಿಗೆ ಇಕ್ಕೇರಿಗೆ ಬಂದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ರೋಮ್ ನಗರದವನೇ! ವಿಸಿಗಾಥರೂ ಕೆಳದಿಯವರೂ ಒಂದೇ ಎಂದು ನಾವು ಹೇಳುತ್ತಿಲ್ಲ. ಕೆಳದಿಯವರು ರಾಜಧಾನಿಯನ್ನು ಸುಟ್ಟವರಲ್ಲ. ಆದರೆ ದೊಡ್ಡ ಸಾಮ್ರಾಜ್ಯ ಬಿದ್ದಾಗ ಅದರ ಅಂಚಿನಲ್ಲಿದ್ದವರೇ ಅದರ ರೀತಿನೀತಿಗಳನ್ನು ಮುಂದಕ್ಕೆ ಒಯ್ಯುತ್ತಾರೆ ಎಂಬುದು ಎರಡೂ ಕಡೆ ನಿಜ.

ಮಾತು ಎಲ್ಲಿ ಹೋಯಿತು?

ಒಂದು ವ್ಯತ್ಯಾಸ ನಮ್ಮನ್ನು ಕಾಡುತ್ತದೆ. ಕೆಳದಿಯವರ ಆಳ್ವಿಕೆ 1763ರಲ್ಲಿ ಮುಗಿಯಿತು, ಅವರ ಕನ್ನಡ ಇಲ್ಲಿ ಇನ್ನೂ ಕೇಳಿಸುತ್ತದೆ. ವಿಸಿಗಾಥರು ಶತಮಾನಗಳ ಕಾಲ ಆಳಿದರು, ಆದರೆ ಅವರ ಗಾಥಿಕ್ ಭಾಷೆ ಅಳಿಯಿತು. ಅವರ ಕಾನೂನು ಲ್ಯಾಟಿನ್ನಿನಲ್ಲಿ, ಓದು ಬರಹ ಲ್ಯಾಟಿನ್ನಿನಲ್ಲಿ. 589ರ ನಂತರ ಪ್ರಾರ್ಥನೆಯೂ ಲ್ಯಾಟಿನ್ನಿನಲ್ಲಿ. ನಾಲ್ಕನೇ ಶತಮಾನದಲ್ಲಿ ಉಲ್ಫಿಲಾಸ್ ಆ ಭಾಷೆಗಾಗಿ ಲಿಪಿ ರೂಪಿಸಿ ಬೈಬಲನ್ನು ಅನುವಾದಿಸಿದ್ದ. ಅದರ ಬೆಳ್ಳಿ ಅಕ್ಷರದ ಪ್ರತಿಯೊಂದು ಇಂದು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿದೆ. ಪುಸ್ತಕ ಉಳಿಯಿತು, ಮಾತನಾಡುವವರು ಉಳಿಯಲಿಲ್ಲ.

ಅವರ ಭಾಷೆಯನ್ನು ಯಾರೂ ನಿಷೇಧಿಸಬೇಕಾಗಿ ಬರಲಿಲ್ಲ. ಒಂದೊಂದೇ ಕೆಲಸ ಅದರ ಕೈತಪ್ಪಿತು, ಅಷ್ಟೇ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮಲಯಾಳ ಕಲಿಯೋಣ, ಇಂಗ್ಲಿಷ್ ಕಲಿಯೋಣ, ತಪ್ಪೇನೂ ಇಲ್ಲ. ಆದರೆ ಕನ್ನಡಕ್ಕೆ ಮನೆಯಲ್ಲೂ ಶಾಲೆಯಲ್ಲೂ ದಿನನಿತ್ಯ ಒಂದಿಷ್ಟು ಕೆಲಸ ಇರಲೇಬೇಕು.

ಮಕ್ಕಳೇ, ಮನೆಯಲ್ಲಿ ಸಾರಿಗೆ ಮೆಣಸು ಗುದ್ದುವಾಗ ಅಮ್ಮನಿಗೆ ಅಲರಿಕನ ಕತೆ ಹೇಳಿ. ಕನ್ನಡದಲ್ಲೇ ಹೇಳಿ.