ಕಾರಿಗೆ ಕಣ್ಣು ಬಂದ ಹಾದಿ

ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಅವನ್ನು ನೋಡಲು ಹುಬ್ಬಳ್ಳಿ ಕಡೆಯಿಂದ ಕಾರುಗಳೂ ಬರುತ್ತವೆ. ಹಳಿಯಾಳ ಸೀಮೆಯಲ್ಲಿ ಕಬ್ಬು ಸಾಗಿಸುವುದೂ ಇದೇ ದಿನಗಳಲ್ಲಿ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್ ಕತ್ತಲಲ್ಲಿ ಎದುರಾದರೆ ಚಾಲಕನಿಗೆ ಉಳಿಯುವುದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ ಕಾರು ಅವನಿಗೆ ಎಷ್ಟು ನೆರವಾಗಬಲ್ಲದು? ಏಳು ದಶಕಗಳ ಸಂಶೋಧನೆ ಈ ಪ್ರಶ್ನೆಯ ಬೆನ್ನು ಹತ್ತಿದೆ.

ಮೊದಲು ಬಂದದ್ದು ಕ್ರೂಸ್ ಕಂಟ್ರೋಲ್. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಇದಕ್ಕೆ 1950ರಲ್ಲಿ ಪೇಟೆಂಟ್ ಪಡೆದರು; 1958ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಅದು ಬಂತು. ಕಾಲಿಗೆ ವಿಶ್ರಾಂತಿ ಸಿಕ್ಕಿತು, ನಿಜ. ಆದರೆ ಹೇಳಿದ ವೇಗ ಕಾಯುವುದಷ್ಟೇ ಅದರ ಕೆಲಸ; ಮುಂದೇನಿದೆ ಎಂಬುದು ಅದಕ್ಕೆ ತಿಳಿಯದು.

ಎರಡನೆಯ ಹಂತದಲ್ಲಿ ಕಾರು ತನ್ನ ಗಾಲಿಗಳ ನಾಡಿ ಹಿಡಿಯಲು ಕಲಿಯಿತು. 1978ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಬೆಂಜ್ ಎಲೆಕ್ಟ್ರಾನಿಕ್ ಎಬಿಎಸ್ ತಂದವು. ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಳ್ಳುವ ಹೊತ್ತಿಗೆ ಅದು ಒತ್ತಡ ಸಡಿಲಿಸಿ ಮತ್ತೆ ಒತ್ತುತ್ತದೆ, ಸೆಕೆಂಡಿಗೆ ಹಲವು ಬಾರಿ. ಹಾಗಾಗಿ ಸ್ಟೇರಿಂಗ್ ಕೈಕೊಡುವುದಿಲ್ಲ. 1995ರಲ್ಲಿ ಬಂದ ಸ್ಥಿರತಾ ನಿಯಂತ್ರಣ, ಸ್ಟೇರಿಂಗ್ ತಿರುಗಿದ ಕಡೆಗೇ ಕಾರು ತಿರುಗುತ್ತಿದೆಯೇ ಎಂದು ಹೋಲಿಸಿ, ಜಾರುವಾಗ ಬೇಕಾದ ಗಾಲಿಯನ್ನಷ್ಟೇ ತಡೆಯುತ್ತದೆ. ಮಲೆನಾಡಂಚಿನ ಮಳೆಗಾಲದ ತಿರುವುಗಳಲ್ಲಿ ಇವೆರಡರ ಬೆಲೆ ದೊಡ್ಡದು. ಇವಕ್ಕೆ ರಸ್ತೆಯ ಗೆರೆಯೂ ಬೇಡ, ದೀಪವೂ ಬೇಡ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಅದೇ ವರ್ಷದ ಜುಲೈನಲ್ಲಿ ವೇಗದ ಎಚ್ಚರಿಕೆ ಮತ್ತು ರಿವರ್ಸ್ ಸೆನ್ಸರ್ ಕೂಡ ಕಡ್ಡಾಯವಾದವು. ಕಾರುಗಳ ಸುರಕ್ಷತೆ ಅಳೆಯಲು 2023ರಲ್ಲಿ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ಸ್ಟಾರ್ ಮತ್ತು ಮೇಲಿನ ದರ್ಜೆಗೆ ಸ್ಥಿರತಾ ನಿಯಂತ್ರಣ ಇರಲೇಬೇಕು.

ಮೂರನೆಯ ಹಂತದಲ್ಲಿ ಕಣ್ಣು ತೆರೆಯಿತು. 1999ರಲ್ಲಿ ಮರ್ಸಿಡಿಸ್ ರೇಡಾರ್ ಬಳಸಿ, ಮುಂದಿನ ವಾಹನದ ದೂರ ಅಳೆದು ತಾನೇ ನಿಧಾನಿಸುವ ಕ್ರೂಸ್ ಕಂಟ್ರೋಲ್ ಕೊಟ್ಟಿತು. 2008ರಲ್ಲಿ ವೋಲ್ವೊದ ಎಕ್ಸ್‌ಸಿ60, ಊರೊಳಗಿನ ನಿಧಾನ ವೇಗದಲ್ಲಿ ಚಾಲಕ ಮೈಮರೆತರೂ ಬ್ರೇಕ್ ಹಾಕುವ ವ್ಯವಸ್ಥೆ ತಂದಿತು. 2021ರ ಮಹೀಂದ್ರ ಎಕ್ಸ್‌ಯುವಿ700, 2022ರ ಹೋಂಡಾ ಸಿಟಿ ಹೈಬ್ರಿಡ್ ಈ ಸೌಲಭ್ಯಗಳನ್ನು ನಮ್ಮ ಮಧ್ಯಮ ವರ್ಗದ ಹತ್ತಿರಕ್ಕೆ ತಂದವು. ಬೆಂಗಳೂರಿನಿಂದ ಹುಬ್ಬಳ್ಳಿಗೆ ನಾನೂರು ಕಿ.ಮೀ. ಹೆದ್ದಾರಿಯಲ್ಲಿ ಬರುವವರಿಗೆ ದಣಿವು ಕಡಿಮೆ. ದಣಿಯದ ಚಾಲಕ ತೂಕಡಿಸುವುದೂ ಕಡಿಮೆ. ಇಲ್ಲಿ ಸುಖವೇ ಸುರಕ್ಷತೆ.

ಆದರೆ ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗಿಳಿದರೆ? ಅಂಚಿನ ಗೆರೆ ಇಲ್ಲ, ರಸ್ತೆ ಮುಗಿದು ಮಣ್ಣು ಎಲ್ಲಿ ಶುರುವೆಂಬುದು ಸ್ಪಷ್ಟವಿಲ್ಲ. ದನ, ಚಕ್ಕಡಿ, ಬೈಕು ಎಲ್ಲವೂ ಒಟ್ಟಿಗೆ. ಕ್ಯಾಮೆರಾಕ್ಕೆ ಕಂಡದ್ದನ್ನು ಗುರುತಿಸುವ ತಂತ್ರಾಂಶ ಲಕ್ಷಾಂತರ ಚಿತ್ರಗಳಿಂದ ಕಲಿಯುತ್ತದೆ. ಸಂಶೋಧಕರು ಹೆಚ್ಚಾಗಿ ಬಳಸಿದ ‘ಸಿಟಿಸ್ಕೇಪ್ಸ್’ ಸಂಗ್ರಹದ ಚಿತ್ರಗಳು ಬಹುಪಾಲು ಜರ್ಮನಿಯ ಊರುಗಳವು. ಹಿಂಬದಿ ಪೂರ್ತಿ ಜಲ್ಲೆಗಳಲ್ಲಿ ಮುಚ್ಚಿಹೋದ ಟ್ರೇಲರ್ ಅಂಥ ಪಾಠದಲ್ಲಿಲ್ಲ. ಈ ಕೊರತೆ ತುಂಬಲು ಹೈದರಾಬಾದಿನ ಐಐಐಟಿ 2018ರಲ್ಲಿ ಭಾರತೀಯ ರಸ್ತೆಗಳ ಸಂಗ್ರಹ ಹೊರತಂದಿತು. ಹೈದರಾಬಾದ್, ಬೆಂಗಳೂರು ಮತ್ತು ಸುತ್ತಲಿನ ರಸ್ತೆಗಳಲ್ಲಿ 182 ಸುತ್ತು ಓಡಾಡಿ ತೆಗೆದ 10,000 ಚಿತ್ರಗಳು ಅವು. ಆಟೊ, ಪ್ರಾಣಿ, ರಸ್ತೆಯಂಚಿನ ಮಣ್ಣು ಅಲ್ಲಿ ಪ್ರತ್ಯೇಕ ವರ್ಗಗಳಾದವು. ಈ ಕ್ಷೇತ್ರದಲ್ಲಿ ನಮ್ಮವರು ಇಟ್ಟ ಅತ್ಯಂತ ಮುಖ್ಯ ಹೆಜ್ಜೆ ಇದೆಂದು ನನ್ನ ಭಾವನೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಈ ಲೆಕ್ಕ ಇಳಿಯಲು ದುಬಾರಿ ಕಾರೊಂದೇ ಸಾಲದು. ಮೇಲೆ ಹೇಳಿದ ವ್ಯವಸ್ಥೆಗಳೆಲ್ಲ ನೆರವಿಗಷ್ಟೇ, ಹೊಣೆ ಚಾಲಕನದೇ. ಯಂತ್ರದ ಕಣ್ಣಿಗೆ ಬೇಕಾದದ್ದೂ ನಮ್ಮ ಕಣ್ಣಿಗೆ ಬೇಕಾದದ್ದೇ: ಕಾಣುವ ಅಂಚಿನ ಗೆರೆ, ಉರಿಯುವ ಹಿಂದೀಪ. ಕಬ್ಬಿನ ಟ್ರೇಲರಿನ ಬೆನ್ನಿಗೆ ಒಂದು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿದರೆ ಕ್ಯಾಮೆರಾ ಇರುವ ಕಾರಿಗೂ, ಇಲ್ಲದ ಬೈಕಿಗೂ ಅದು ದೂರದಿಂದಲೇ ಕಾಣುತ್ತದೆ. ಅತ್ತಿವೇರಿಯ ದಾರಿಯಲ್ಲಿ ಮೊದಲು ಆಗಬೇಕಾದ ಕೆಲಸ ಅದು.