ವೈದ್ಯರ ಅಸಮಾನ ಹಂಚಿಕೆ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು

ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳ ಪೈಕಿ ಹೊಸಪೇಟೆಯನ್ನು ಹೊರತುಪಡಿಸಿ ಉಳಿದ ಐದು ತಾಲ್ಲೂಕುಗಳು ಹಿಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ರೂಢಿಯಲ್ಲಿ ಕರೆಯಲ್ಪಡುತ್ತವೆ. ಬಹುಪಾಲು ಮಳೆಯಾಶ್ರಿತ ಬೇಸಾಯವನ್ನು ಅವಲಂಬಿಸಿರುವ ಈ ಭಾಗದಲ್ಲಿ ವೈದ್ಯರ, ವಿಶೇಷವಾಗಿ ತಜ್ಞವೈದ್ಯರ ಕೊರತೆಯು ಬಹುಕಾಲದಿಂದ ಇರುವ ಸಮಸ್ಯೆಯಾಗಿದೆ. ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಪ್ರತಿ ವರ್ಷ ಹತ್ತು ಸಾವಿರಕ್ಕಿಂತ ಹೆಚ್ಚು ಎಂ.ಬಿ.ಬಿ.ಎಸ್. ಸೀಟುಗಳು ಲಭ್ಯವಿರುವುದನ್ನು ಗಮನಿಸಿದರೆ, ಇದನ್ನು ಕೇವಲ ವೈದ್ಯರ ಸಂಖ್ಯೆಯ ಕೊರತೆ ಎನ್ನಲಾಗದು. ಇದು ಮುಖ್ಯವಾಗಿ ಹಂಚಿಕೆಯ ಕೊರತೆ.

ಈ ಪ್ರದೇಶಕ್ಕೆ ಪೂರ್ವದಲ್ಲಿ ಬಳ್ಳಾರಿ, ಉತ್ತರದಲ್ಲಿ ಹೊಸಪೇಟೆ, ದಕ್ಷಿಣದಲ್ಲಿ ದಾವಣಗೆರೆ ಇವೆ. ಬಳ್ಳಾರಿಯಲ್ಲಿ 1961ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು, ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಕಾರ್ಯನಿರ್ವಹಿಸುತ್ತಿವೆ. ತಜ್ಞರು, ಖಾಸಗಿ ಆಸ್ಪತ್ರೆಗಳು, ರಕ್ತನಿಧಿಗಳು ಸಹಜವಾಗಿಯೇ ಈ ನಗರಗಳಲ್ಲಿ ಕೇಂದ್ರೀಕೃತವಾಗಿವೆ. ಐದು ತಾಲ್ಲೂಕುಗಳು ಇವುಗಳ ನಡುವೆ ಉಳಿದುಬಿಟ್ಟಿವೆ. ಗುಡೇಕೋಟೆ ಭಾಗದ ಜನರು ಬಳ್ಳಾರಿಯತ್ತ, ಹರಪನಹಳ್ಳಿಯವರು ದಾವಣಗೆರೆಯತ್ತ, ಹಡಗಲಿಯ ಹೊಳೆದಂಡೆಯ ಗ್ರಾಮಗಳವರು ಹಲವು ಬಾರಿ ತುಂಗಭದ್ರೆಯನ್ನು ದಾಟಿ ಗದಗದ ಕಡೆಗೆ ಹೋಗುವುದು ವಾಡಿಕೆ. ಜಿಲ್ಲೆಯ ಗಡಿಗೂ ರೋಗಿಯ ದಾರಿಗೂ ಇಲ್ಲಿ ಸಂಬಂಧ ಕಡಿಮೆ.

ಆಡಳಿತ ಗಡಿಗಳ ಬದಲಾವಣೆ

ಹರಪನಹಳ್ಳಿಯು 1997ರಲ್ಲಿ ನೂತನ ದಾವಣಗೆರೆ ಜಿಲ್ಲೆಗೆ ಸೇರಿತು. ಸಂವಿಧಾನದ 371(ಜೆ) ಅನುಚ್ಛೇದವು ಜಾರಿಗೆ ಬಂದಾಗ ಬಳ್ಳಾರಿ ಜಿಲ್ಲೆಯು ಅದರ ವ್ಯಾಪ್ತಿಗೆ ಬಂದಿತಾದರೂ, ದಾವಣಗೆರೆಯಲ್ಲಿದ್ದ ಕಾರಣ ಹರಪನಹಳ್ಳಿಯು ಹೊರಗುಳಿಯಿತು. ದೀರ್ಘ ಹೋರಾಟದ ತರುವಾಯ 2018ರಲ್ಲಿ ಮರಳಿ ಬಳ್ಳಾರಿಗೆ ಸೇರ್ಪಡೆಯಾಯಿತು. ಕೂಡ್ಲಿಗಿಯ ಹೋಬಳಿಯಾಗಿದ್ದ ಕೊಟ್ಟೂರು, 2017-18ನೇ ಸಾಲಿನ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಐದೂ ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿ ಬಂದವು. ಇದರಿಂದ ಕಚೇರಿಗಳು ಹತ್ತಿರವಾದವು. ಆದರೆ ತಾಲ್ಲೂಕು ಘೋಷಣೆಯಾದ ಮಾತ್ರಕ್ಕೆ ನೂರು ಹಾಸಿಗೆಗಳ ಆಸ್ಪತ್ರೆಯಾಗಲಿ, ಅದಕ್ಕೆ ಬೇಕಾದ ತಜ್ಞರಾಗಲಿ ತಾವಾಗಿಯೇ ಬರುವುದಿಲ್ಲ.

ಪ್ರಾದೇಶಿಕ ಅಸಮತೋಲನವನ್ನು ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ 35 ಸೂಚಕಗಳನ್ನು ಬಳಸಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಕೂಡ್ಲಿಗಿ ಮತ್ತು ಹರಪನಹಳ್ಳಿ ಅತ್ಯಂತ ಹಿಂದುಳಿದ ವರ್ಗದಲ್ಲಿದ್ದವು. ಹತ್ತು ಸಾವಿರ ಜನಸಂಖ್ಯೆಗೆ ಎಷ್ಟು ವೈದ್ಯರು ಎಂಬುದೂ ಸದರಿ ಸೂಚಕಗಳಲ್ಲಿ ಸೇರಿತ್ತು. ಸಮಿತಿಯು ಜಿಲ್ಲೆಯನ್ನಲ್ಲ, ತಾಲ್ಲೂಕನ್ನು ಘಟಕವಾಗಿ ಪರಿಗಣಿಸಿದ್ದು ಇಲ್ಲಿ ಮುಖ್ಯ. ಜಿಲ್ಲಾ ಸರಾಸರಿಯಲ್ಲಿ ಹೊಸಪೇಟೆಯ ವೈದ್ಯರೂ ಕೂಡ್ಲಿಗಿಯ ಲೆಕ್ಕಕ್ಕೆ ಬಂದುಬಿಡುತ್ತಾರೆ.

ಹುದ್ದೆ ಮತ್ತು ಸೇವೆಯ ನಡುವಿನ ಅಂತರ

ರಾಷ್ಟ್ರೀಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ 30,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಸಂಖ್ಯೆಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರತಕ್ಕದ್ದು. ಆದರೆ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ ಮತ್ತು ಆ ದಿನ ಆಸ್ಪತ್ರೆಯಲ್ಲಿ ಹಾಜರಿರುವ ವೈದ್ಯರು ಇವು ಮೂರು ಬೇರೆ ಬೇರೆ ಸಂಖ್ಯೆಗಳು. ಒಂದು ಕಡೆ ವೇತನ ಪಡೆದು ಮತ್ತೊಂದು ಕಡೆ ನಿಯೋಜನೆಯ ಮೇಲೆ ಕೆಲಸ ಮಾಡುವ ವೈದ್ಯರು ಕಡತದಲ್ಲಿ ಭರ್ತಿಯಾದ ಹುದ್ದೆಯಾಗಿಯೇ ಕಾಣುತ್ತಾರೆ. ಒಬ್ಬರೇ ವೈದ್ಯಾಧಿಕಾರಿ ಇರುವ ಕೇಂದ್ರದಲ್ಲಿ ಅವರು ಸಭೆಗೋ, ಮರಣೋತ್ತರ ಪರೀಕ್ಷೆಗೋ, ನ್ಯಾಯಾಲಯದ ಸಾಕ್ಷ್ಯಕ್ಕೋ ತೆರಳಿದರೆ ಅಂದು ಹೊರರೋಗಿ ವಿಭಾಗದಲ್ಲಿ ವೈದ್ಯರೇ ಇರುವುದಿಲ್ಲ.

ತಜ್ಞರ ವಿಷಯ ಇನ್ನೂ ಸೂಕ್ಷ್ಮ. ಸಿಸೇರಿಯನ್ ಹೆರಿಗೆಗೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಹಾಗೂ ರಕ್ತ ಶೇಖರಣಾ ಘಟಕ ಏಕಕಾಲದಲ್ಲಿ ಲಭ್ಯವಿರಬೇಕು. ಅರಿವಳಿಕೆ ತಜ್ಞರೊಬ್ಬರಿಲ್ಲದಿದ್ದರೆ ಪ್ರಸೂತಿ ತಜ್ಞರಿದ್ದೂ ಶಸ್ತ್ರಚಿಕಿತ್ಸೆ ನಡೆಯದು. ಗರ್ಭಿಣಿಯನ್ನು ಮುಂದಿನ ಊರಿಗೆ ಕಳುಹಿಸಲಾಗುತ್ತದೆ. ಹೆರಿಗೆಯ ನಂತರ ತೀವ್ರ ರಕ್ತಸ್ರಾವವಾಗಿ ಚಿಕಿತ್ಸೆ ದೊರೆಯದಿದ್ದಲ್ಲಿ ಎರಡು ಗಂಟೆಗಳಷ್ಟು ಅಲ್ಪಾವಧಿಯಲ್ಲಿಯೂ ತಾಯಿಯು ಸಾವಿಗೀಡಾಗಬಹುದು. ಒಳಗ್ರಾಮದಿಂದ ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಬಳ್ಳಾರಿಗೋ ದಾವಣಗೆರೆಗೋ ಸಾಗುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. 2008ರಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆಯು ಅಮೂಲ್ಯವಾದುದೇ ಸರಿ. ಆದರೆ ಅದು ವೈದ್ಯರಿರುವಲ್ಲಿಗೆ ರೋಗಿಯನ್ನು ಒಯ್ಯಬಲ್ಲುದೇ ಹೊರತು ವೈದ್ಯರ ಸ್ಥಾನವನ್ನು ತುಂಬಲಾರದು. ಎಂ.ಬಿ.ಬಿ.ಎಸ್. ವೈದ್ಯರಿಗೆ ಕೆಲವು ತಿಂಗಳ ಅವಧಿಯ ಜೀವರಕ್ಷಕ ಅರಿವಳಿಕೆ ತರಬೇತಿ ನೀಡುವ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿರುವುದು ಈ ಕೊರತೆಯನ್ನು ನೀಗಿಸಲೆಂದೇ.

ಕೈಗೊಂಡ ಕ್ರಮಗಳು

ವೈದ್ಯಕೀಯ ಶಿಕ್ಷಣ ಪೂರೈಸಿದವರು ಒಂದು ವರ್ಷ ಸರ್ಕಾರಿ ಸೇವೆ ಸಲ್ಲಿಸಬೇಕೆಂಬ 2012ರ ರಾಜ್ಯ ಅಧಿನಿಯಮವು 2015ರಲ್ಲಿ ಜಾರಿಗೆ ಬಂದಿತು. ತರುವಾಯದ ತಿದ್ದುಪಡಿಯಿಂದ ಖಾಲಿ ಹುದ್ದೆಗಳ ಲಭ್ಯತೆಗೆ ಅನುಗುಣವಾಗಿ ಮಾತ್ರ ಈ ಸೇವೆ ಪಡೆಯಲಾಗುತ್ತದೆ. ಇದರಿಂದ ಹೊರರೋಗಿ ವಿಭಾಗಗಳಿಗೆ ನೆರವಾಗಿದೆ. ಆದರೆ ಪ್ರತಿ ವರ್ಷ ಬದಲಾಗುವ ವೈದ್ಯರು ಊರನ್ನು ಅರಿಯುವಷ್ಟರಲ್ಲಿಯೇ ನಿರ್ಗಮಿಸುತ್ತಾರೆ. ಮಧುಮೇಹ, ರಕ್ತದೊತ್ತಡ, ಕ್ಷಯದಂತಹ ದೀರ್ಘ ಚಿಕಿತ್ಸೆಯ ರೋಗಿಗಳಿಗೆ ಇದು ಸಾಲದು.

ವಿಶ್ವ ಆರೋಗ್ಯ ಸಂಸ್ಥೆಯು 2010ರ ತನ್ನ ಶಿಫಾರಸುಗಳಲ್ಲಿ, ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳನ್ನು ವೈದ್ಯಕೀಯ ಶಿಕ್ಷಣಕ್ಕೆ ಸೇರಿಸಿಕೊಳ್ಳುವುದನ್ನು ಪ್ರಮುಖ ಕ್ರಮವಾಗಿ ಸೂಚಿಸಿದೆ. ಅಂಥವರು ಗ್ರಾಮೀಣ ಸೇವೆಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. 371(ಜೆ) ಅನ್ವಯ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿರುವುದರಿಂದ ಈ ಮಾರ್ಗ ಇಲ್ಲಿ ತೆರೆದಿದೆ. ಹೀಗೆ ಓದಿದವರು ಸ್ನಾತಕೋತ್ತರ ಪದವಿಯ ನಂತರ ಹಗರಿಬೊಮ್ಮನಹಳ್ಳಿಗೆ ಮರಳಬೇಕಾದರೆ ವಾಸಯೋಗ್ಯ ವಸತಿಗೃಹ, ಮಕ್ಕಳ ಶಾಲೆ, ಜೊತೆಗೊಬ್ಬ ಸಹೋದ್ಯೋಗಿ ಇವುಗಳೂ ಅಗತ್ಯ. ಕಟ್ಟಡ ನಿರ್ಮಾಣಕ್ಕೆ ಅನುದಾನ ಒದಗಿದಷ್ಟು ಸುಲಭವಾಗಿ ಇವು ಒದಗಿಲ್ಲ.

ಸಾರ್ವಜನಿಕರ ಗಮನಕ್ಕೆ

ಗರ್ಭಿಣಿಯರು ಮತ್ತು ಕುಟುಂಬದವರು ಹೆರಿಗೆಯ ನಿರೀಕ್ಷಿತ ದಿನಕ್ಕೆ ಸಾಕಷ್ಟು ಮುಂಚೆಯೇ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸೌಲಭ್ಯ ಹಾಗೂ ತಜ್ಞರ ಲಭ್ಯತೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಿ ತಿಳಿದುಕೊಳ್ಳುವುದು. ರಕ್ತಹೀನತೆ, ಅಧಿಕ ರಕ್ತದೊತ್ತಡ ಅಥವಾ ಹಿಂದಿನ ಸಿಸೇರಿಯನ್ ಇದ್ದಲ್ಲಿ ನೋವು ಆರಂಭವಾಗುವವರೆಗೆ ಕಾಯಬಾರದು. ಹಾವು ಕಡಿತದ ಪ್ರಕರಣಗಳಲ್ಲಿ ನಾಟಿ ಚಿಕಿತ್ಸೆಗೆ ಸಮಯ ಕಳೆಯದೆ 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೆರಳಬೇಕು. 2024ರಿಂದ ರಾಜ್ಯದಲ್ಲಿ ಇಂತಹ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾಗಿದೆ. ವೈದ್ಯರ ಗೈರುಹಾಜರಿ ಕುರಿತ ದೂರುಗಳನ್ನು ಆಯಾ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ದಿನಾಂಕ ಮತ್ತು ವೇಳೆ ನಮೂದಿಸಿ ಲಿಖಿತವಾಗಿ ಸಲ್ಲಿಸಬಹುದು.