ಮೂಗು ಹೇಳಿದ ಇತಿಹಾಸ



ಕಳೆದ ವರ್ಷ ನಾನೂ ನನ್ನ ಶ್ರೀಮತಿಯೂ ಮಗಳ ಮನೆಗೆಂದು ಅಮೆರಿಕಕ್ಕೆ ತೆರಳಿ, ಲಾಸ್ ಏಂಜಲೀಸಿನ ಹೊರವಲಯದಲ್ಲಿ ಮೂರು ತಿಂಗಳು ತಂಗಿದ್ದು ಬಂದ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಡಿಸ್ನಿಲ್ಯಾಂಡ್, ಹಾಲಿವುಡ್‌ಗಳ ವರ್ಣನೆಯನ್ನು ನಿರೀಕ್ಷಿಸುತ್ತಿರುವವರು ಮನ್ನಿಸಬೇಕು. ಇಂದು ಬರೆಯಹೊರಟಿರುವುದು ಹಳೆಯ ಟ್ರಕ್ಕೊಂದರ ಒಳಗಿನ ಪೆಟ್ರೋಲ್ ವಾಸನೆಯನ್ನು ಕುರಿತು.

ಅಲ್ಲಿ ಪಿಕಪ್ ಟ್ರಕ್ ಎಂದರೆ ನಮ್ಮ ಲಾರಿಯಲ್ಲ. ಮುಂದೆ ಮೂವರು ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ವಾಹನ. ನಮ್ಮ ಅಳಿಯಂದಿರಿಗೆ ಹಳೆಯ ವಾಹನಗಳ ಹುಚ್ಚು. 1966ರ ಷೆವರ್ಲೆ ಸಿ-10 ಒಂದನ್ನು ಕೊಂಡಿದ್ದಾರೆ. ಹಿಂದಿನ ಮಾಲೀಕರಾರೋ ಅದರ ಎಂಜಿನ್, ಚಕ್ರ, ಬಣ್ಣಗಳನ್ನೆಲ್ಲ ತಮ್ಮ ಅಭಿರುಚಿಗೆ ತಕ್ಕಂತೆ ಬದಲಿಸಿದ್ದರು. ಇಂಥವನ್ನು ಅಲ್ಲಿ ಕಸ್ಟಮ್ ಟ್ರಕ್ ಎನ್ನುತ್ತಾರೆ. ನೋಡಲು ಮದುವಣಗಿತ್ತಿಯಂತಿತ್ತು. ಆದರೆ ಬಾಗಿಲು ತೆರೆದೊಡನೆ ಪೆಟ್ರೋಲ್ ವಾಸನೆ ಮುಖಕ್ಕೆ ರಾಚುತ್ತಿತ್ತು.

ಒಂಬತ್ತು ವರ್ಷದ ಮೊಮ್ಮಗಳು ಅದನ್ನು ಹತ್ತಲು ಒಪ್ಪುತ್ತಿರಲಿಲ್ಲ. "ಅಜ್ಜ, ಇದರಲ್ಲಿ ಕೂತರೆ ನನಗೆ ತಲೆನೋವು ಬರುತ್ತೆ" ಎಂದು ದೂರುತ್ತಿದ್ದಳು. ಅಳಿಯಂದಿರು ನಕ್ಕು, "ಹಳೇ ಗಾಡಿ ಅಲ್ವಾ ಮಾವ, ಸ್ವಲ್ಪ ವಾಸನೆ ಇದ್ದೇ ಇರುತ್ತೆ" ಎಂದರು. ನನಗೂ ಹೌದೆನ್ನಿಸಿತು. ಏಕೆಂದರೆ ಹದಿನೈದು ನಿಮಿಷ ಕುಳಿತ ಮೇಲೆ ನನಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಮೂಗಿನ ಸ್ವಭಾವವೇ ಅದು. ಒಂದೇ ವಾಸನೆ ಬಿಡದೆ ತಾಗುತ್ತಿದ್ದರೆ ಅದು ಸುದ್ದಿ ಹೇಳುವುದನ್ನು ನಿಲ್ಲಿಸುತ್ತದೆ. ಆವಿ ಮಾತ್ರ ಅಲ್ಲೇ ಇರುತ್ತದೆ.

ಆ ರಾತ್ರಿ ಹಳೆಯದೊಂದು ಘಟನೆ ನೆನಪಾಗಿ ನಿದ್ರೆ ಬರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂಬತ್ತನೆಯ ತರಗತಿಗೆ ಸಿಪಾಯಿದಂಗೆಯ ಪಾಠ ಮಾಡುತ್ತಿದ್ದೆ. ಕಿಟಕಿಯ ಪಕ್ಕದ ಹುಡುಗನೊಬ್ಬ ಎದ್ದು ನಿಂತು, "ಸಾರ್, ಪೆಟ್ರೋಲ್ ವಾಸನೆ ಬರ್ತಿದೆ" ಎಂದ. ಪಾಠ ತಪ್ಪಿಸುವ ಉಪಾಯವೆಂದು ಭಾವಿಸಿ ಅವನನ್ನು ಗದರಿಸಿ ಕೂರಿಸಿದೆ. ಗಂಟೆ ಹೊಡೆದ ಮೇಲೆ ಹೊರಬಂದು ನೋಡಿದರೆ, ಜಗಲಿಯಲ್ಲಿ ನಿಲ್ಲಿಸಿದ್ದ ನನ್ನದೇ ಮೊಪೆಡ್ಡಿನಿಂದ ಪೆಟ್ರೋಲ್ ತೊಟ್ಟಿಕ್ಕಿ ನೆಲ ಒದ್ದೆಯಾಗಿತ್ತು. ಯಾರಾದರೂ ಬೀಡಿಯ ಕಿಡಿ ಎಸೆದಿದ್ದರೆ? ಆ ಹುಡುಗನಿಗೆ ನಾನು ತಪ್ಪಾಯಿತೆಂದು ಹೇಳಲಿಲ್ಲ. ಮೇಷ್ಟರ ಜಂಬ ಅಡ್ಡ ಬಂತು.

ಮರುದಿನ ಬೆಳಿಗ್ಗೆ ಅಳಿಯಂದಿರಿಗೆ, "ಮಗು ಹೇಳಿದ್ದನ್ನು ಒಮ್ಮೆ ಪರೀಕ್ಷಿಸಿಯೇ ಬಿಡೋಣ" ಎಂದೆ.

ಅದಕ್ಕೆ ಮೊದಲೇ ವರ್ಕ್‌ಶಾಪೊಂದರಲ್ಲಿ ಕಾರ್ಬ್ಯುರೇಟರ್ ಬದಲಿಸಿಯಾಗಿತ್ತು. ವಾಸನೆ ಹೋಗಿರಲಿಲ್ಲ. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಸಾಗಬೇಕೆಂದು ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ್ದರಲ್ಲವೆ? ಒಂದು ನೋಟ್‌ಬುಕ್ಕಿನಲ್ಲಿ ವಾಸನೆ ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂದು ಬರೆದಿಡತೊಡಗಿದೆವು. ಹತ್ತು ದಿನಗಳಲ್ಲಿ ಒಂದು ಕ್ರಮ ಗೋಚರಿಸಿತು. ಟ್ಯಾಂಕ್ ತುಂಬಿಸಿದ ದಿನ, ಅದರಲ್ಲೂ ತಿರುವುಗಳಲ್ಲಿ, ವಾಸನೆ ವಿಪರೀತ. ಅರ್ಧಕ್ಕಿಂತ ಕೆಳಗಿಳಿದರೆ ಬಹಳ ಕಡಿಮೆ. ಕೆಳಗಿನ ಪೈಪಿನಲ್ಲಿ ಸೋರಿಕೆಯಿದ್ದಿದ್ದರೆ ಟ್ಯಾಂಕ್ ಅರ್ಧವಿದ್ದಾಗಲೂ ಸೋರಬೇಕಿತ್ತು. ಆದ್ದರಿಂದ ದೋಷವಿರುವುದು ಟ್ಯಾಂಕಿನ ನೆತ್ತಿಯಲ್ಲೇ ಎಂದು ತರ್ಕಿಸಿದೆವು.

ಹಾಗಾದರೆ ಟ್ಯಾಂಕ್ ಎಲ್ಲಿದೆ? ಉತ್ತರ ಕೇಳಿ ಬೆರಗಾದೆ. ಅದು ಕ್ಯಾಬಿನ್ನಿನ ಒಳಗೇ, ನಮ್ಮ ಬೆನ್ನಿನ ಹಿಂದೆಯೇ ಇತ್ತು! ಆ ಕಾಲದ ಅಮೆರಿಕದ ಪಿಕಪ್‌ಗಳಲ್ಲಿ ಇದು ಸಾಮಾನ್ಯ ವಿನ್ಯಾಸ. ಷೆವರ್ಲೆ ಪಿಕಪ್‌ಗಳಲ್ಲಿ 1972ರ ಮಾದರಿಯವರೆಗೂ ಟ್ಯಾಂಕ್ ಸೀಟಿನ ಹಿಂದಿರುತ್ತಿತ್ತು. 1973ರ ಹೊಸ ವಿನ್ಯಾಸದಲ್ಲಿ ಅದು ಕ್ಯಾಬಿನ್ನಿನಿಂದ ಹೊರಬಂತು. ಎರಡು ದಶಕಗಳಿಗೂ ಹೆಚ್ಚು ಕಾಲ ರೈತರು, ಬಡಗಿಗಳು, ಅವರ ಮಕ್ಕಳು ಪೆಟ್ರೋಲ್ ಟ್ಯಾಂಕಿಗೆ ಒರಗಿಕೊಂಡೇ ಪಯಣಿಸಿದರು. ವಾಸನೆ ಬಂದರೆ, "ಟ್ರಕ್ ಎಂದರೆ ಹಾಗೆಯೇ" ಎನ್ನುವುದು ರೂಢಿಯಾಗಿತ್ತು.

ಇದೇ ರೂಢಿ ಲಾಸ್ ಏಂಜಲೀಸ್ ನಗರವನ್ನೂ ಒಂದು ಕಾಲದಲ್ಲಿ ಆಳಿತ್ತು. 1943ರ ಜುಲೈನಲ್ಲಿ ಆ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿಯಿತು. ಯುದ್ಧಕಾಲವಾದ್ದರಿಂದ ಜಪಾನೀಯರ ವಿಷಾನಿಲ ದಾಳಿಯೆಂದು ಹೆದರಿದವರೂ ಇದ್ದರು. ಕೃತಕ ರಬ್ಬರಿಗಾಗಿ ಬ್ಯುಟಡೈನ್ ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ದೂರು ಹೊರಿಸಲಾಯಿತು. ಅದನ್ನು ತಾತ್ಕಾಲಿಕವಾಗಿ ಮುಚ್ಚಿದರೂ ಮಬ್ಬು ಕರಗಲಿಲ್ಲ. ನಮ್ಮ ಕಾರ್ಬ್ಯುರೇಟರಿನ ಕಥೆಯೇ ಇದು!

ನಿಜವಾದ ಕಾರಣವನ್ನು ಹಿಡಿದವರು ಕ್ಯಾಲ್‌ಟೆಕ್ ಸಂಸ್ಥೆಯ ಪ್ರಾಧ್ಯಾಪಕ, ನೆದರ್ಲೆಂಡ್ಸ್ ಮೂಲದ ಆರಿ ಹಾಗನ್-ಸ್ಮಿಟ್. ಸ್ವಾರಸ್ಯವೆಂದರೆ ಅವರು ಅಭ್ಯಸಿಸುತ್ತಿದ್ದುದು ಅನಾನಸ್ ಹಣ್ಣಿನ ಪರಿಮಳವನ್ನು. ಹಣ್ಣಿನ ಆವಿಯನ್ನು ತಣಿಸಿ ಹಿಡಿಯುವ ವಿಧಾನದಿಂದಲೇ ನಗರದ ಗಾಳಿಯನ್ನೂ ಹಿಡಿದು ಪರೀಕ್ಷಿಸಿದರು. ವಾಹನಗಳಿಂದಲೂ ತೈಲ ಶುದ್ಧೀಕರಣ ಘಟಕಗಳಿಂದಲೂ ಹೊರಬಿದ್ದ ಪೆಟ್ರೋಲ್ ಆವಿ, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳೊಡನೆ ಬಿಸಿಲಿನಲ್ಲಿ ಕೂಡಿ ಓಜೋನ್ ಆಗುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ತೈಲೋದ್ಯಮದವರು ಸುಲಭಕ್ಕೆ ಒಪ್ಪಲಿಲ್ಲ. ಅವರು ಮಾತ್ರ ಬಿಡಲಿಲ್ಲ. 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಮೊದಲ ಅಧ್ಯಕ್ಷರಾದರು.

ಅಂದಿನ ಕಾರುಗಳು ಹೊರಬಿಡುತ್ತಿದ್ದ ಹೈಡ್ರೋಕಾರ್ಬನ್‌ಗಳಲ್ಲಿ ಸುಮಾರು ಐದನೆಯ ಒಂದು ಪಾಲು ಹೊಗೆ ಕೊಳವೆಯದಲ್ಲ. ಟ್ಯಾಂಕ್ ಮತ್ತು ಕಾರ್ಬ್ಯುರೇಟರಿನಿಂದ ಸುಮ್ಮನೆ ಆವಿಯಾಗಿ ಹೋಗುತ್ತಿದ್ದುದು. ಆದ್ದರಿಂದ 1970ರ ಮಾದರಿಯಿಂದ ಕ್ಯಾಲಿಫೋರ್ನಿಯಾದಲ್ಲಿ, 1971ರಿಂದ ಇಡೀ ದೇಶದಲ್ಲಿ, ಹೊಸ ಕಾರುಗಳಲ್ಲಿ ಆವಿಯನ್ನು ಹಿಡಿದಿಡುವ ವ್ಯವಸ್ಥೆ ಕಡ್ಡಾಯವಾಯಿತು. ಅದು ಸಾಮಾನ್ಯವಾಗಿ ಇದ್ದಿಲು ತುಂಬಿದ ಒಂದು ಡಬ್ಬಿ. ಇದ್ದಿಲು ಆವಿಯನ್ನು ಹೀರಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಅದನ್ನು ಎಳೆದುಕೊಂಡು ಉರಿಸುತ್ತದೆ. 1966ರ ನಮ್ಮ ಟ್ರಕ್ಕು ಈ ಸುಧಾರಣೆಗೆ ಮುಂಚೆ ಹುಟ್ಟಿದ್ದು.

ಭಾನುವಾರ ಗ್ಯಾರೇಜಿನ ಬಾಗಿಲು ತೆರೆದಿಟ್ಟು, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಅಳಿಯಂದಿರು ಸೀಟನ್ನು ಕಳಚಿದರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ಹರಡಿ ದೂರದ ಕಿಡಿಯನ್ನೂ ತಲುಪಬಲ್ಲದು. ಹಾಗಾಗಿ ಮೊಮ್ಮಗಳನ್ನು ಅಂಗಳದಾಚೆಯೇ ನಿಲ್ಲಿಸಿದ್ದೆವು. ಟ್ಯಾಂಕಿನ ಮೇಲ್ಭಾಗದಲ್ಲಿ, ಪೆಟ್ರೋಲ್ ಮಟ್ಟವನ್ನು ತಿಳಿಸುವ ಫ್ಲೋಟ್ ಕೂರುವ ಜಾಗದಲ್ಲಿ, ಧೂಳು ಒದ್ದೆಯಾಗಿ ಉಂಗುರದಂತೆ ಕಲೆಗಟ್ಟಿತ್ತು. ಅದರಡಿಯ ರಬ್ಬರ್ ಗ್ಯಾಸ್ಕೆಟ್ ಹಪ್ಪಳದಂತೆ ಬಿರಿದಿತ್ತು. ಲಕ್ಷಣವಾದ ಬಣ್ಣಕ್ಕೆ ಹಣ ಸುರಿದವರು ಈ ಅಂಗೈಯಗಲದ ರಬ್ಬರನ್ನು ಬದಲಿಸಿರಲಿಲ್ಲ. ಅಲ್ಲಿನ ಪೆಟ್ರೋಲಿನಲ್ಲಿ ಶೇ. 10 ಎಥೆನಾಲ್ ಬೆರೆತಿರುತ್ತದೆ; ಹಳೆಯ ಕಾಲದ ಎಷ್ಟೋ ಬಗೆಯ ರಬ್ಬರ್ ಅದನ್ನು ತಾಳಲಾರದು. ಎಥೆನಾಲ್ ತಾಳುವ ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ವಾಸನೆ ನಿಂತಿತು.

ನಮ್ಮಲ್ಲೂ ಈಗ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಹಳೆಯ ಸ್ಕೂಟರ್, ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡಿರುವವರು ಅವುಗಳ ರಬ್ಬರ್ ಪೈಪುಗಳನ್ನು ಒಮ್ಮೆ ಮೆಕ್ಯಾನಿಕ್‌ಗೆ ತೋರಿಸುವುದು ಒಳಿತು.

ವಾಪಸ್ಸು ಹೊರಡುವ ಹಿಂದಿನ ಸಂಜೆ ಮೊಮ್ಮಗಳು ತಾನಾಗಿಯೇ ಟ್ರಕ್ ಹತ್ತಿ ನನ್ನ ಪಕ್ಕ ಕುಳಿತಳು. ಬಾಗಿಲು ಮುಚ್ಚಿ, ಮೂಗರಳಿಸಿ ನೋಡಿ, "ಈಗ ಪರವಾಗಿಲ್ಲ ಅಜ್ಜ" ಎಂದು ತೀರ್ಪಿತ್ತಳು.

ಒಗ್ಗಿಹೋದ ಮೂಗುಗಳಿಗೆ ಕಾಣದ್ದನ್ನು ಹೊಸದಾಗಿ ಒಳಬಂದವರೇ ಹೇಳಬೇಕು. ಮನೆಯಲ್ಲಿ ಅದು ಮಗುವಾಗಿರಬಹುದು, ನಗರದಲ್ಲಿ ಅನಾನಸ್ ಮೂಸುವ ಪ್ರಾಧ್ಯಾಪಕರಾಗಿರಬಹುದು, ತರಗತಿಯಲ್ಲಿ ಕಿಟಕಿಯ ಪಕ್ಕದ ಹುಡುಗನಾಗಿರಬಹುದು. ಆ ಹುಡುಗ ಈಗ ಐವತ್ತು ದಾಟಿರಬೇಕು. ಅಪ್ಪಾ, ಇದನ್ನು ಎಲ್ಲಿಂದಲಾದರೂ ಓದುತ್ತಿದ್ದರೆ ತಿಳಿ: ಅಂದು ನೀನು ಹೇಳಿದ್ದೇ ಸರಿ, ಗದರಿಸಿದ ನಾನು ತಪ್ಪು. ಒಂದೆರಡು ಸಾಲು ಬರೆದು ಹಾಕಿದರೆ ಈ ಮುದಿ ಮೇಷ್ಟರಿಗೆ ಸಮಾಧಾನವಾದೀತು.